ನಸುಕಿನ ಬಸ್ಸು, ನಾಲ್ಕನೆಯ ಶೀಲ



ಉಪಾಸಕ ಉಪಾಸಿಕೆಯರೆ, ಇವತ್ತು ಭಾರತ ಹುಣ್ಣಿಮೆ. ಮುಂಜಾನೆ ಕಲಬುರಗಿಯ ನಮ್ಮ ಗಲ್ಲಿಯ ವಿಹಾರದಲ್ಲಿ ಈ ಉಪದೇಶ ಓದಿ, ಸಂಜೆ ಕಮಲಾಪುರಕ್ಕೆ ಬಂದು ಇದನ್ನೇ ಮತ್ತೊಮ್ಮೆ ಓದುವವನಿದ್ದೇನೆ. ಎರಡೂ ಕಡೆ ಒಂದೇ ಮಾತು ಯಾಕೆ ಎಂದು ಕೇಳಿದರೆ, ಕಮಲಾಪುರದಲ್ಲಿ ನಸುಕಿನ ಬಸ್ಸು ಹತ್ತಿದವರೇ ಕಲಬುರಗಿ ಸ್ಟೇಶನ್ನಿನಲ್ಲಿ ಮುಂಬೈ ಕಡೆಯ ರೈಲು ಕಾಯುತ್ತ ಕೂತಿರುತ್ತಾರೆ. ದಾರಿ ಒಂದೇ ಆದ ಮೇಲೆ ಮಾತು ಎರಡು ಬೇಡ.

ತೊಗರಿ ರಾಶಿ ಮುಗಿದಿದೆ. ಕಾಳು ಅಡತಿ ಅಂಗಡಿಗೆ ಹೋಯಿತು, ಹೊಟ್ಟು ಬಣವಿಯಾಯಿತು. ಇನ್ನು ಮುಂಗಾರಿನವರೆಗೆ ಹೊಲದಲ್ಲಿ ಕೂಲಿ ಇಲ್ಲ. ಕಬ್ಬು ಕಡಿಯುವವರು ದೀಪಾವಳಿ ಹೊತ್ತಿಗೇ ಮುಕಾದಮನ ಹತ್ತಿರ ಉಚಲ್, ಅಂದರೆ ಮುಂಗಡ, ಹಿಡಿದು ಹೋಗಿಬಿಟ್ಟಿದ್ದಾರೆ. ಈಗ ಹೊರಡುವವರು ಗೌಂಡಿಗಳು, ಸೆಂಟ್ರಿಂಗಿನವರು, ಇಟ್ಟಂಗಿ ಹೊರುವ ಹೆಣ್ಣುಮಕ್ಕಳು. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ಗುಳೆ ಹೋಗುವುದು ನಮಗೆ ಹೊಸದಲ್ಲ, ಅದರ ಅರ್ಥಶಾಸ್ತ್ರವನ್ನು ನಾನು ಇಲ್ಲಿ ಹೇಳುವುದೂ ಇಲ್ಲ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕೆಂದಿರುವುದು ಹೊರಡುವ ಗಳಿಗೆಯ ಬಗ್ಗೆ. ಬರೀ ಅದೊಂದು ಗಳಿಗೆ.

ಅದು ಹೇಗಿರುತ್ತದೆ ಎಂದು ಎಲ್ಲರೂ ನೋಡಿದ್ದೀರಿ. ರಾತ್ರಿಯೇ ಗಂಟು ಕಟ್ಟಿ ಇಡುತ್ತಾರೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಬುತ್ತಿ. ನಾಲ್ಕು ಗಂಟೆಗೆ ಎದ್ದು, ದೀಪ ಹಚ್ಚದೆ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬರುತ್ತಾರೆ. ಹುಡುಗ ಆಯಿಯ ಮಗ್ಗಲಲ್ಲಿ ಮಲಗಿರುತ್ತಾನೆ. ಅವ್ವ ಬಾಗಿಲಲ್ಲಿ ಒಂದು ಸಲ ನಿಂತು ನೋಡುತ್ತಾಳೆ. ಎಬ್ಬಿಸಿದರೆ ಅಳುತ್ತಾನೆ, ಅತ್ತರೆ ಕಾಲು ಕೀಳುವುದಿಲ್ಲ. ಹಾಗಾಗಿ ಎಬ್ಬಿಸುವುದಿಲ್ಲ. ಬೆಳಗಾದ ಮೇಲೆ ಹುಡುಗ ಎದ್ದು "ಅವ್ವ ಎಲ್ಲಿ?" ಎಂದರೆ ಆಯಿ ಹೇಳುತ್ತಾಳೆ: "ಸಂತಿಗಿ ಹೋಗ್ಯಾಳ, ಸಂಜಿಗಿ ಬರ್ತಾಳ ತಗೋ."

ಸಂಜೆ ಬರುತ್ತದೆ. ಅವ್ವ ಬರುವುದಿಲ್ಲ.

ಅದು ನನ್ನದೇ ಕಥೆ ಕೂಡ. ಆಗ ನನಗೆ ಆರು ವರ್ಷ ಇರಬೇಕು. ಸಂಜೆ ಬರುತ್ತಾಳೆ ಎಂದು ಆಯಿ ಹೇಳಿದ್ದನ್ನು ನಂಬಿ ಊರ ಮುಂದಿನ ಕಟ್ಟೆಯ ಮೇಲೆ ಒಂದು ತಿಂಗಳು ಕೂತೆ. ದಿನಾ ಸಂಜೆ. ಆಮೇಲೆ ಹೋಗುವುದನ್ನು ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಯುಗಾದಿಗೆ ಅವ್ವ ಬಂದಳು. ಹೊಸ ಅಂಗಿ, ಪ್ಲಾಸ್ಟಿಕ್ಕಿನ ಮೋಟಾರು ತಂದಿದ್ದಳು. ನಾನು ಜೋಳದ ಕಣಜದ ಹಿಂದೆ ಹೋಗಿ ನಿಂತವನು ಹೊರಗೆ ಬರಲಿಲ್ಲ. "ಗುರ್ತು ಮರ್ತಾನ ನೋಡ್ರಿ" ಎಂದು ಎಲ್ಲರೂ ನಕ್ಕರು. ಗುರುತು ಮರೆತಿರಲಿಲ್ಲ. ಈಕೆ ಮತ್ತೆ ಯಾವ ರಾತ್ರಿ ಹೋಗುತ್ತಾಳೋ ಎಂದು ನಿದ್ದೆ ಕಾಯುವ ಕೆಲಸ ಆ ದಿನದಿಂದ ಶುರುವಾಯಿತು. ಅವ್ವ ಮನೆಯಲ್ಲಿದ್ದಷ್ಟು ದಿನ ಅವಳ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಮಲಗುತ್ತಿದ್ದೆ. ಈಗ ನನಗೆ ಅರವತ್ತು ದಾಟಿದೆ. ನಸುಕಿನಲ್ಲಿ ದೂರದಲ್ಲಿ ಬಸ್ಸಿನ ಸಪ್ಪಳ ಕೇಳಿದರೆ ಇವತ್ತಿಗೂ ಎಚ್ಚರವಾಗುತ್ತದೆ.

ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಹೋಗದಿದ್ದರೆ ನಾನು ಓದುತ್ತಿರಲಿಲ್ಲ, ಮಾಸ್ತರನೂ ಆಗುತ್ತಿರಲಿಲ್ಲ. ಹೋದದ್ದು ಸರಿ. ಸಂತೆಗೆ ಹೋಗಿದ್ದಾಳೆ ಅಂದರಲ್ಲ, ಅದು ಸರಿಯಲ್ಲ.

ಪ್ರತಿ ಹುಣ್ಣಿಮೆ ನಾವು ಕೈ ಮುಗಿದು ಪಂಚಶೀಲ ಹೇಳುತ್ತೇವೆ. ನಾಲ್ಕನೆಯದು ಸುಳ್ಳಾಡುವುದರಿಂದ ದೂರ ಇರುತ್ತೇನೆ ಎಂಬುದು. ಹೇಳುವಾಗ ನಮ್ಮ ಮನಸ್ಸಿಗೆ ಬರುವುದು ಕೋರ್ಟು ಕಚೇರಿಯ ಸುಳ್ಳು, ತೂಕದ ಸುಳ್ಳು, ಚುನಾವಣೆಯ ಸುಳ್ಳು. ಕೂಸಿಗೆ ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಸುಳ್ಳಲ್ಲ, ಸಮಾಧಾನ ಎಂದುಕೊಳ್ಳುತ್ತೇವೆ.

ಭಗವಾನರು ಹಾಗೆ ಎಣಿಸಲಿಲ್ಲ. ಈ ಶೀಲವನ್ನು ಅವರು ತುಂಬ ಬಿಡಿಸಿ ಹೇಳಿದ್ದು ಒಬ್ಬ ಚಿಕ್ಕ ಹುಡುಗನಿಗೆ, ಆ ಹುಡುಗ ಅವರದೇ ಮಗ ರಾಹುಲ. ಮಜ್ಝಿಮ ನಿಕಾಯದಲ್ಲಿ ಆ ಸುತ್ತ ಇದೆ. ಕಾಲು ತೊಳೆದು, ತಂಬಿಗೆಯಲ್ಲಿ ಸ್ವಲ್ಪ ನೀರು ಉಳಿಸಿ, ಇಷ್ಟೇ ನೀರು ಕಾಣುತ್ತದೆಯಾ ಎಂದು ಕೇಳುತ್ತಾರೆ. ಆಮೇಲೆ ಅದನ್ನೂ ಚೆಲ್ಲುತ್ತಾರೆ, ತಂಬಿಗೆ ಬೋರಲು ಹಾಕುತ್ತಾರೆ, ಎತ್ತಿ ಖಾಲಿ ತೋರಿಸುತ್ತಾರೆ. ಗೊತ್ತಿದ್ದೂ ಸುಳ್ಳು ಹೇಳಲು ನಾಚದವರ ಸಾಧನೆ ಈ ತಂಬಿಗೆಯಂತೆ. ಚೇಷ್ಟೆಗೂ ಸುಳ್ಳು ಬೇಡ ಎಂದು ಆ ಪಾಠ ಮುಗಿಯುತ್ತದೆ. ಸುತ್ತದ ವ್ಯಾಖ್ಯಾನವಾದ ಅಟ್ಠಕಥೆಯ ಪ್ರಕಾರ ಆಗ ರಾಹುಲನಿಗೆ ಏಳು ವರ್ಷ. ನಮ್ಮ ಲೆಕ್ಕದಲ್ಲಿ ಎರಡನೆಯ ಇಯತ್ತೆಯ ಹುಡುಗ.

ಈ ಸುತ್ತಕ್ಕೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು ತಾನೆ? ಅದೇ ಅಶೋಕ ರಾಜಸ್ಥಾನದ ಬೈರಾಟದ ಕಲ್ಲಿನಲ್ಲಿ, ಭಿಕ್ಷು ಭಿಕ್ಷುಣಿಯರು ಮಾತ್ರವಲ್ಲ, ಸಂಸಾರಸ್ಥ ಉಪಾಸಕ ಉಪಾಸಿಕೆಯರೂ ಮತ್ತೆ ಮತ್ತೆ ಕೇಳಬೇಕಾದ ಏಳು ಉಪದೇಶಗಳ ಹೆಸರು ಕೊರೆಸಿದ್ದಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ್ದು ಅದರಲ್ಲಿ ಒಂದು. ಅಷ್ಟು ದೊಡ್ಡ ದೊರೆಗೆ, ಅಷ್ಟೊಂದು ಸುತ್ತಗಳಿರುವಾಗ, ಮಗನಿಗೆ ಹೇಳಿದ ಮಾತು ನೆನಪಾಯಿತು.

ರಾಹುಲ ಯಾರು ಎಂದು ಒಂದು ಕ್ಷಣ ಯೋಚಿಸಿ. ಹಿಂದೆ ಬಿಟ್ಟುಹೋದ ಮಗ. ನಮ್ಮ ಮನೆಗಳ ಕ್ಯಾಲೆಂಡರಿನಲ್ಲಿ ಆ ಚಿತ್ರ ಇರುತ್ತದೆ: ಯಶೋಧರೆ ಕೂಸಿನ ತಲೆಯ ಮೇಲೆ ಕೈಯಿಟ್ಟು ಮಲಗಿದ್ದಾಳೆ, ಸಿದ್ಧಾರ್ಥ ಬಾಗಿಲಲ್ಲಿ ನಿಂತಿದ್ದಾನೆ. ಕೂಸನ್ನು ಎತ್ತಿಕೊಳ್ಳಲು ಅವಳ ಕೈ ಸರಿಸಿದರೆ ಎಚ್ಚರವಾದಾಳು, ಎಚ್ಚರವಾದರೆ ಹೋಗುವುದಾಗದು ಎಂದು ಮುಟ್ಟದೆ ಹೊರಟ ಎಂದು ಹಳೆಯ ನಿದಾನಕಥೆ ಹೇಳುತ್ತದೆ. ಆ ಬಾಗಿಲು ನಿಮಗೆ ಗುರುತು ಸಿಕ್ಕಿರಬೇಕು. ಕಮಲಾಪುರದ ಎಷ್ಟು ಮನೆಗಳಲ್ಲಿ ಆ ಬಾಗಿಲಿದೆ!

ಬಾಬಾಸಾಹೇಬ ಅಂಬೇಡ್ಕರರು ಈ ಕಥೆಯನ್ನು ಒಪ್ಪಲಿಲ್ಲ. 'ಬುದ್ಧ ಮತ್ತು ಅವನ ಧಮ್ಮ' 1957ರಲ್ಲಿ, ಅವರು ತೀರಿಕೊಂಡ ಮರುವರ್ಷ, ಅಚ್ಚಾಗಿ ಬಂತು. ಅದರಲ್ಲಿ ಸಿದ್ಧಾರ್ಥ ರಾತ್ರಿ ಕದ್ದು ಹೋಗುವುದಿಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ, ಯುದ್ಧ ಬೇಡವೆಂದು ವಾದಿಸಿ ಶಾಕ್ಯರ ಸಂಘದಲ್ಲಿ ಸೋತವನು ಸಿದ್ಧಾರ್ಥ, ಅದಕ್ಕೇ ದೇಶ ಬಿಡಬೇಕಾಯಿತು. (ನೀರಿನ ತಕರಾರಿನಿಂದ ಊರು ಬಿಟ್ಟವನು ಎಂದರೆ ನಮ್ಮವನೇ ಆದನಲ್ಲ!) ಅವನು ಮೊದಲು ಅಪ್ಪ ಅವ್ವನಿಗೆ ಹೇಳುತ್ತಾನೆ. ಆಮೇಲೆ ಯಶೋಧರೆಯ ಮುಂದೆ ಬಂದು ಏನು ಹೇಳಲಿ ಎಂದು ತಿಳಿಯದೆ ಸುಮ್ಮನೆ ನಿಲ್ಲುತ್ತಾನೆ. ಮೌನ ಮುರಿಯುವವಳು ಆಕೆ. ಮಾತಾಡುತ್ತಾರೆ. ಆಕೆ ಒಪ್ಪುತ್ತಾಳೆ. ಮಗನ ಮುಖ ಪ್ರೀತಿಯಿಂದ ನೋಡಿ ಅವನು ಹೊರಡುತ್ತಾನೆ.

ಬಾಬಾಸಾಹೇಬರು ಯಾಕೆ ಹೀಗೆ ಬರೆದರು ಎಂಬುದಕ್ಕೆ ಪಂಡಿತರು ಹಲವು ಕಾರಣ ಕೊಡುತ್ತಾರೆ. ನನಗೆ ಅನಿಸುವುದು ಬೇರೆ, ಅದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಅಪ್ಪನ ದಾರಿ ಕಾಯುವುದು ಎಂದರೇನು ಎಂದು ಅವರಿಗೆ ಗೊತ್ತಿತ್ತು.

1901ರ ಮಾತು. ಭೀಮನಿಗೆ ಒಂಬತ್ತು ವರ್ಷ. ಅವ್ವ ತೀರಿಹೋಗಿದ್ದಾಳೆ. ಅಪ್ಪ ರಾಮಜಿ ಸುಭೇದಾರರು ಸಾತಾರಾ ಜಿಲ್ಲೆಯ ಗೋರೆಗಾಂವದಲ್ಲಿ, ಬರಗಾಲದವರಿಗೆ ಕೆಲಸ ಕೊಡಲು ಸರ್ಕಾರ ತೋಡಿಸುತ್ತಿದ್ದ ಕೆರೆಯ ಕಾಮಗಾರಿಯಲ್ಲಿ ಕ್ಯಾಷಿಯರ್. ಮಕ್ಕಳು ಸಾತಾರಾದಲ್ಲಿ ಸೋದರತ್ತೆಯ ಹತ್ತಿರ. ಬೇಸಿಗೆ ರಜೆಗೆ ಬನ್ನಿ ಎಂದು ಅಪ್ಪ ಬರೆದರು. ಭೀಮ, ಅವನ ಅಣ್ಣ, ತೀರಿಹೋದ ಅಕ್ಕನ ಮಕ್ಕಳು, ಹೊಸ ಅಂಗಿ, ಹೊಸ ಬೂಟು, ಜರಿ ಟೋಪಿ ಹಾಕಿಕೊಂಡು ರೈಲು ಹತ್ತಿ ಮಸೂರ ಸ್ಟೇಶನ್ನಿನಲ್ಲಿ ಇಳಿದರು. ಕರೆಯಲು ಯಾರೂ ಬಂದಿರಲಿಲ್ಲ. ಇವರು ಬರುವ ಪತ್ರ ಮುಟ್ಟಿತ್ತು, ಆದರೆ ಆಳು ಅದನ್ನು ಅಪ್ಪನಿಗೆ ಕೊಟ್ಟಿರಲಿಲ್ಲ. ಮುಂದಿನದು ನಿಮಗೆಲ್ಲ ಗೊತ್ತು. ಮಹಾರರ ಮಕ್ಕಳೆಂದು ತಿಳಿದ ಕೂಡಲೇ ಸ್ಟೇಶನ್ ಮಾಸ್ತರರ ಮುಖ ಬದಲಾಯಿತು, ಗಾಡಿಯವರು ಒಲ್ಲೆ ಎಂದರು, ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕಾಯಿತು. ಬುತ್ತಿ ಇತ್ತು, ಕುಡಿಯಲು ನೀರಿಲ್ಲ. ರಾತ್ರಿ ಸುಂಕದ ಕಟ್ಟೆಯವನ ಹತ್ತಿರ ನೀರು ಕೇಳಲು ಹೋದ ಭೀಮ, ನಾವು ಮುಸಲ್ಮಾನರು ಎಂದ. ಉರ್ದುವಿನಲ್ಲೇ ಮಾತಾಡಿದ. ಆದರೂ ನೀರು ಸಿಗಲಿಲ್ಲ.

ಒಂಬತ್ತು ವರ್ಷದ ಮಗು ಗುಟುಕು ನೀರಿಗಾಗಿ ಸುಳ್ಳು ಹೇಳಿತು. ಅಲ್ಲಿ ಶೀಲ ಮುರಿದವರು ಯಾರು? ಮಗುವಂತೂ ಅಲ್ಲ. ಇವತ್ತು ಪುಣೆಯ ಸೈಟಿನಲ್ಲಿ, ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ, ಊರಿನ ಹೆಸರು ಮರೆಮಾಚುವ, ಕೇರಿಯ ಹೆಸರು ನುಂಗುವ, ಮನೆಮಾತನ್ನು ಬಾಯೊಳಗೇ ಇಟ್ಟುಕೊಳ್ಳುವ ನಮ್ಮ ಮಕ್ಕಳು ಅದೇ ಸುಂಕದ ಕಟ್ಟೆಯ ಮುಂದೆ ನಿಂತಿರುತ್ತಾರೆ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಬಾಬಾಸಾಹೇಬರು ಈ ಪ್ರಸಂಗಕ್ಕೆ ತಮ್ಮ ಬದುಕಿನಲ್ಲಿ ದೊಡ್ಡ ಜಾಗ ಇದೆ ಎಂದಿದ್ದಾರೆ. ಬರೆದದ್ದು ಸುಮಾರು ಮೂವತ್ತೈದು ವರ್ಷಗಳ ನಂತರ. ಹಾಕಿಕೊಂಡಿದ್ದ ಅಂಗಿ ಟೋಪಿ ಕೂಡ ಆಗ ನೆನಪಿತ್ತು. ಮಕ್ಕಳು ಮರೆಯುತ್ತಾರೆ, ಆಡುತ್ತ ಆಡುತ್ತ ಸರಿಹೋಗುತ್ತಾರೆ ಎಂದು ಹೇಳುವವರು ಇದನ್ನು ಒಮ್ಮೆ ಓದಬೇಕು.

ಸರಿಹೋಗುವವರೂ ಇದ್ದಾರೆ, ಇಲ್ಲವೆನ್ನಲಾರೆ. ಊರು ಬಿಟ್ಟಿದ್ದಕ್ಕೇ ಮಗುವಿನ ಮನಸ್ಸು ಮುರಿಯುತ್ತದೆ ಎಂಬುದೂ ನನ್ನ ವಾದವಲ್ಲ. ನಮ್ಮ ಕಮಲಾಪುರದ ಸುತ್ತಲಿನ ತಾಂಡಾಗಳ ಹಿರಿಯರನ್ನು ಕೇಳಿ ನೋಡಿ. ಅವರ ಪೂರ್ವಜರು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವೆಲ್ಲ ತಿರುಗಿದವರು. ಆಗ ಇಡೀ ತಾಂಡಾ ನಡೆಯುತ್ತಿತ್ತು: ದನ, ಮುದುಕಿ, ಕೂಸು, ಹಾಡು, ಹಬ್ಬ ಎಲ್ಲ ಒಟ್ಟಿಗೆ. ಮಗು ಎಲ್ಲಿ ಇಳಿದರೂ 'ಯಾಡಿ' ಎಂದು ಕರೆದರೆ ಓ ಎನ್ನುವವಳು ಜೊತೆಗಿದ್ದಳು. ಈಗ ಒಂದು ಮನೆ ಮೂರು ಕಡೆ. ಅಪ್ಪ ಸೆಂಟ್ರಿಂಗಿಗೆ ಮುಂಬೈ, ಅವ್ವ ಕೈಗೂಸಿನೊಂದಿಗೆ ಪುಣೆ, ದೊಡ್ಡವಳು ಆಯಿಯ ಹತ್ತಿರ ಊರಲ್ಲಿ, ತನ್ನ ಓದು ಮತ್ತು ಆಯಿಯ ಬಿಪಿ ಗುಳಿಗೆ ಎರಡನ್ನೂ ನೋಡಿಕೊಂಡು.

ಜೊತೆಗೆ ಹೋದ ಮಕ್ಕಳ ಪಾಡು ಹಗುರವೇನಲ್ಲ. ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ವರ್ಷದ ನಡುವೆ ಪುಣೆಯಿಂದ ಬಂದ ಹುಡುಗನೊಬ್ಬನನ್ನು ನನ್ನ ವರ್ಗದಲ್ಲಿ ಕೂರಿಸಿದರು. ಕೇಳಿದ್ದಕ್ಕೆ ಉತ್ತರ ಇಲ್ಲ, ಬೋರ್ಡು ನೋಡುವುದಿಲ್ಲ, ಮಧ್ಯಾಹ್ನ ಕೂತಲ್ಲೇ ನಿದ್ದೆ. ದಡ್ಡ ಎಂದು ತೀರ್ಮಾನಿಸಿದೆ. ಎರಡು ಸಲ ಹೊಡೆದೆ ಕೂಡ. ಒಂದು ದಿನ ಅವನ ನೋಟುಬುಕ್ಕಿನ ಹಿಂಭಾಗದ ಹಾಳೆ ಕಣ್ಣಿಗೆ ಬಿತ್ತು. ನಾನು ಹೇಳಿದ ಕನ್ನಡ ಪದಗಳನ್ನೆಲ್ಲ ದೇವನಾಗರಿಯಲ್ಲಿ, ಮರಾಠಿ ಸಾಲೆಯಲ್ಲಿ ಕಲಿತ ಅಕ್ಷರದಲ್ಲಿ, ಬರೆದುಕೊಂಡಿದ್ದ. ಒಂದೂ ಬಿಟ್ಟಿರಲಿಲ್ಲ. ಮನೆಯಲ್ಲಿ ಒಂದು ನುಡಿ, ಅಲ್ಲಿ ಒಂದು, ಇಲ್ಲಿ ಒಂದು. ಮೂರು ನುಡಿ ಬಲ್ಲ ಹುಡುಗನನ್ನು ನಾನು ಮೂಕನೆಂದೆ. ಆ ಹಾಳೆ ನೋಡಿದ ದಿನ ರಾತ್ರಿ ಊಟ ಸೇರಲಿಲ್ಲ.

2020ರ ಬೇಸಿಗೆಯನ್ನು ಮರೆತಿಲ್ಲ ತಾನೆ? ದೇಶದ ಮೊದಲ ಕೋವಿಡ್ ಸಾವು ಆ ಮಾರ್ಚ್‌ನಲ್ಲಿ ಕಲಬುರಗಿಯದೇ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ನಮ್ಮವರು ತಿರುಗಿ ಬಂದಾಗ ಸಾಲೆಗಳಲ್ಲಿ ಕ್ವಾರಂಟೈನ್ ಮಾಡಿದರು. ರೋಗ ತಡೆಯಲು ಅದು ಬೇಕಿತ್ತು, ಸರಿ. ಆದರೆ ತನ್ನದೇ ಸಾಲೆಯ ಕಿಟಕಿಯೊಳಗೆ ನಿಂತ ಮಗು, ಹೊರಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು "ಬಾಂಬೇದವರು ಬಂದಾರ, ಸನೇಕ ಹೋಗಬ್ಯಾಡ್ರಿ" ಎನ್ನುವ ತನ್ನದೇ ಊರಿನವರನ್ನು ನೋಡಿತು. ಪರಊರಿನಲ್ಲಿ ಕರ್ನಾಟಕದವರು, ಊರಿಗೆ ಬಂದರೆ ಬಾಂಬೇದವರು. ಆ ಮಕ್ಕಳೀಗ ಹದಿಹರೆಯದವರು. ಅವರನ್ನು ಕೂರಿಸಿ, ಆವತ್ತು ನಿಮಗೆ ಏನನಿಸಿತು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ? ನಾನೂ ಕೇಳಿಲ್ಲ.

ಮಗುವಿನ ದುಃಖ ದುಃಖದ ವೇಷದಲ್ಲಿ ಬರುವುದು ಕಡಿಮೆ. ಹೊಟ್ಟಿಬ್ಯಾನಿ ಎನ್ನುತ್ತದೆ, ಸಾಲೆಗೆ ಹೋಗುವ ಹೊತ್ತಿಗೇ. ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುತ್ತದೆ. ರಾತ್ರಿ ಬೆಚ್ಚುತ್ತದೆ. ಒಬ್ಬ ಹುಡುಗ ಮಾತು ನಿಲ್ಲಿಸಿದರೆ ಇನ್ನೊಬ್ಬ ಸಿಕ್ಕವರ ಮೇಲೆ ಕಲ್ಲು ಬೀಸುತ್ತಾನೆ. ಫೋನಿನಲ್ಲಿ ಅವ್ವ ಬಂದರೆ ಮಾತಾಡದೆ ಓಡುತ್ತಾನೆ, ಆಕೆ ಫೋನ್ ಇಟ್ಟ ಮೇಲೆ ಅದನ್ನೇ ಹಿಡಿದು ಕೂರುತ್ತಾನೆ. ನಾವೇನು ಮಾಡುತ್ತೇವೆ? ನದರ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸುತ್ತೇವೆ, ಗಾಳಿ ಎಂದು ತಾಯಿತ ಕಟ್ಟಿಸುತ್ತೇವೆ. ಬುದ್ಧನ ಮನೆಯವರು, ಭೀಮನ ಮನೆಯವರು ಎಂದು ಬಾಗಿಲ ಮೇಲೆ ಬರೆಸಿದವರೂ ಕಟ್ಟಿಸುತ್ತಾರೆ, ನಾನು ಕಂಡಿದ್ದೇನೆ. ಇಳಿ ತೆಗೆದ ಆಯಿಯನ್ನು ನಾನು ಬೈಯುವುದಿಲ್ಲ. ಅವಳಿಗೂ ಮಗುವಿನ ತಲೆ ಮುಟ್ಟಲು ಒಂದು ನೆಪ ಬೇಕಿತ್ತೇನೋ. ಬೈಯಬೇಕಾದ್ದು "ಹಿಂದಿನ ಜನ್ಮದ ಕರ್ಮ" ಎನ್ನುವ ಹಿರಿಯರನ್ನು. ಹಿಂದಿನ ಜನ್ಮದ ಪಾಪ ಈ ಜನ್ಮದಲ್ಲಿ ಬಡ್ಡಿ ಕಟ್ಟುತ್ತದೆ ಎಂಬುದನ್ನು ಬಾಬಾಸಾಹೇಬರು ಒಪ್ಪಿದವರಲ್ಲ. ಏಳು ವರ್ಷದ ಹುಡುಗಿ ಹಾಸಿಗೆ ಒದ್ದೆ ಮಾಡಿದರೆ ಅದಕ್ಕೆ ಕಾರಣ ಈ ಜನ್ಮದಲ್ಲೇ, ಕಳೆದ ತಿಂಗಳಲ್ಲೇ ಇದೆ.

ಹಿಂದೆ ಉಳಿದ ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ಫೆಬ್ರುವರಿ 7ಕ್ಕೆ ರಮಾಯಿ ಜಯಂತಿ ಮಾಡುತ್ತೇವೆ. ಸಾಹೇಬರು 1913ರಲ್ಲಿ ನ್ಯೂಯಾರ್ಕಿಗೆ, ಆಮೇಲೆ ಲಂಡನ್ನಿಗೆ ಹೋದಾಗ ಮನೆ ನಡೆಸಿದವಳು ಅವರ ಮಡದಿ ರಮಾಬಾಯಿ. ಹೆತ್ತ ಐದರಲ್ಲಿ ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ ತಾಯಿ. ಜಯಂತಿಯ ಭಾಷಣದಲ್ಲಿ ಆಕೆಯನ್ನು ತ್ಯಾಗಮೂರ್ತಿ ಎಂದು ಹೊಗಳಿ ಇಳಿಯುತ್ತೇವೆ. ಆ ನಾಲ್ಕು ಸಲವೂ ಆಕೆಯ ಪಕ್ಕ ಯಾರು ಕೂತಿದ್ದರು ಎಂದು ಕೇಳುವುದಿಲ್ಲ. ನಮ್ಮ ಕೇರಿಯಲ್ಲಿ ಗಂಡ ಮುಂಬೈಯಲ್ಲಿರುವ ಸೊಸೆ ಮೂರು ದಿನ ಒಲೆ ಹಚ್ಚದಿದ್ದರೆ "ಸೊಕ್ಕು" ಎನ್ನುತ್ತೇವೆ.

ಭಗವಾನರ ಕಾಲದಲ್ಲಿ ಶ್ರಾವಸ್ತಿಯಲ್ಲಿ ಪಟಾಚಾರೆ ಎಂಬವಳಿದ್ದಳು. ಶ್ರೀಮಂತರ ಮಗಳು, ಮನೆಯ ಆಳನ್ನು ಮೆಚ್ಚಿ ಅವನೊಂದಿಗೆ ದೂರದ ಹಳ್ಳಿಗೆ ಹೋದವಳು. ಎರಡನೆಯ ಹೆರಿಗೆಗೆ ತವರಿಗೆ ಹೊರಟಾಗ ದಾರಿಯಲ್ಲಿ ಮಳೆ. ಮರೆ ಕಟ್ಟಲು ಕಟ್ಟಿಗೆ ಕಡಿಯಲು ಹೋದ ಗಂಡನಿಗೆ ಹಾವು ಕಚ್ಚಿತು. ಹಸುಗೂಸನ್ನು ಆಚೆ ದಡದಲ್ಲಿ ಮಲಗಿಸಿ ದೊಡ್ಡವನನ್ನು ಕರೆತರಲು ತಿರುಗಿ ಬರುವಾಗ, ನಡುಹೊಳೆಯಲ್ಲಿ ನಿಂತು ನೋಡುತ್ತಾಳೆ, ಹದ್ದು ಕೂಸಿನ ಮೇಲೆ ಎರಗುತ್ತಿದೆ. ಅದನ್ನು ಓಡಿಸಲು ಕೈ ಬೀಸಿ ಕೂಗಿದಳು. ಅವ್ವ ಕರೆದಳೆಂದು ದೊಡ್ಡವನು ನೀರಿಗಿಳಿದ. ಇಬ್ಬರೂ ಹೋದರು. ಶ್ರಾವಸ್ತಿ ಮುಟ್ಟಿದರೆ, ರಾತ್ರಿಯ ಮಳೆಗೆ ಮನೆ ಬಿದ್ದು ಅಪ್ಪ, ಅವ್ವ, ಅಣ್ಣ ಒಂದೇ ಚಿತೆಯ ಮೇಲೆ. ಅವಳಿಗೆ ಚಿತ್ತ ಹೋಯಿತು, ಮೈಮೇಲಿನ ಬಟ್ಟೆಯೂ ಜಾರಿತು. ಊರವರು ಹುಚ್ಚಿ ಎಂದು ಕಸ, ಮಣ್ಣು ಎಸೆದರು. ಜೇತವನಕ್ಕೆ ಬಂದಾಗ ಶಿಷ್ಯರು ತಡೆಯಲು ಎದ್ದರು. ಭಗವಾನರು ತಡೆಯಬೇಡಿ ಎಂದರು. ತಂಗಿ ಎಂದು ಕರೆದು, ಚಿತ್ತ ತಂದುಕೋ ಎಂದರು. ಸಭೆಯಲ್ಲಿದ್ದ ಒಬ್ಬ ತನ್ನ ಮೇಲುಬಟ್ಟೆ ಅವಳತ್ತ ಎಸೆದ. ಅದನ್ನು ಹೊದ್ದು ಕೂತ ಮೇಲೆ ಅವಳು ಹೇಳಿದ್ದನ್ನೆಲ್ಲ ಕೇಳಿದರು. ಧಮ್ಮದ ಮಾತು ಅದಾದ ಮೇಲೆ.

ಆ ಬಟ್ಟೆ ಕೊಟ್ಟವನ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ನನಗೆ ಬೇಕಾದವನು ಅವನೇ. ಭಗವಾನರಂತೆ ಉಪದೇಶ ಮಾಡುವುದು ನಮ್ಮ ಕೈಲಾಗದು, ಮೇಲುಬಟ್ಟೆ ಕೊಡಬಹುದು. ಪಟಾಚಾರೆ ಮುಂದೆ ದೊಡ್ಡ ಥೇರಿಯಾಗಿ, ಅಂದರೆ ಹಿರಿಯ ಭಿಕ್ಷುಣಿಯಾಗಿ, ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಾಯಂದಿರನ್ನು ತನ್ನ ಮಗ್ಗಲಲ್ಲಿ ಕೂರಿಸಿಕೊಂಡು ಸಂತೈಸಿದಳು.

ಆದರೆ ಬರೀ ಬಟ್ಟೆಯಿಂದ ಆಗದ ಕಡೆ ವೈದ್ಯರು ಬೇಕು. ಇದರಲ್ಲಿ ನಾಚಿಕೆಗೆ ಏನಿದೆ? ಬುದ್ಧನೇ ದುಃಖವನ್ನು ರೋಗದಂತೆ ನೋಡಿ, ಕಾರಣ ಹುಡುಕಿ, ಮದ್ದು ಹೇಳಿದವನು. ನಮ್ಮ ಭಾಗಕ್ಕೆ ಇದು ಹೊಸದೂ ಅಲ್ಲ. ಹಳ್ಳಿಯ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೆ ಮದ್ದು ಕೊಡಬಹುದು ಎಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ, 1996ರಲ್ಲಿ ಅದೇ ದೇಶದ ಕಾರ್ಯಕ್ರಮವಾಯಿತು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಮನೋಚೈತನ್ಯ ಯೋಜನೆ ರಾಜ್ಯದಲ್ಲಿದೆ. ಕಮಲಾಪುರದವರಿಗೆ ಯಾವ ಮಂಗಳವಾರ, ಎಲ್ಲಿ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬಸ್ಸಿನ ಹಣವೂ ಇಲ್ಲದವರಿಗೆ ಫೋನಿದೆ: 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದದ್ದು. ರಾತ್ರಿ ಹಗಲು ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪುಣೆಯಲ್ಲಿರುವ ಅವ್ವನೂ ಇದೇ ನಂಬರಿಗೆ ಮಾಡಬಹುದು. ಮಗುವನ್ನು ಯಾರಾದರೂ ಹಿಂಸಿಸುತ್ತಿದ್ದರೆ, ದುಡಿಮೆಗೆ ಹಚ್ಚಿದ್ದರೆ 1098. ಈ ಎರಡು ನಂಬರು ವಿಹಾರದ ಗೋಡೆಯ ಮೇಲೆ ಇವತ್ತೇ ಬರೆಸುತ್ತೇವೆ, ದೊಡ್ಡದಾಗಿ.

ದೊಡ್ಡವರಾಗಲಿ ಸಣ್ಣವರಾಗಲಿ "ನಾ ಇರಬಾರ್ದು" ಎಂದು ಬಾಯಿಬಿಟ್ಟರೆ ಅದನ್ನು ನಾಟಕ ಎನ್ನಬೇಡಿ. ಒಬ್ಬರನ್ನೇ ಬಿಡಬೇಡಿ. ಔಡಲ ಎಣ್ಣೆ ಕುಡಿಸುವುದು, ಬೈಯುವುದು, ಆಣೆ ಹಾಕಿಸುವುದು ಬೇಡ, ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಬಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಜೀವ ತೆಗೆದುಕೊಳ್ಳಲು ಹೋಗಿ ಉಳಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಅದು ಎಣಿಸುತ್ತದೆ. ಅವರಿಗೆ ಚಿಕಿತ್ಸೆ ಕೊಡಬೇಕು ಎನ್ನುತ್ತದೆ, ಶಿಕ್ಷೆಯಲ್ಲ.

ಇನ್ನು ಮುತ್ಯಾ, ಆಯಿಯಂದಿರಿಗೆ ಒಂದು ಮಾತು. ರಾಹುಲನ ಕಥೆಯಲ್ಲಿ ಒಬ್ಬ ಮುತ್ಯಾ ಇದ್ದಾನೆ, ಅವನನ್ನು ನಾವು ಮರೆಯುತ್ತೇವೆ. ಭಗವಾನರು ಕಪಿಲವಸ್ತುವಿಗೆ ಬಂದಾಗ ಯಶೋಧರೆ ಮಗನನ್ನು ಕಳಿಸಿದಳು, ನಿನ್ನ ಪಾಲು ಕೇಳು ಎಂದು. ಭಗವಾನರು ಅವನಿಗೆ ದೀಕ್ಷೆ ಕೊಡಿಸಿದರು. ಆಗ ಶುದ್ಧೋದನ ಬಂದು ತನ್ನ ಸಂಕಟ ಹೇಳಿಕೊಂಡ. ನೀನು ಹೋದಾಗ ನೊಂದೆ, ನಂದ ಹೋದಾಗ ನೊಂದೆ, ಈಗ ಈ ಕೂಸೂ ಹೋಯಿತು, ಮಕ್ಕಳ ಮೇಲಿನ ಪ್ರೀತಿ ಚರ್ಮ ಸೀಳಿ ಮೂಳೆಯ ಒಳಗಿನವರೆಗೂ ಇಳಿಯುತ್ತದೆ ಎಂಬರ್ಥದಲ್ಲಿ. ಭಗವಾನರು ಆ ಮುದುಕನಿಗೆ ಬರೀ ಉಪದೇಶ ಹೇಳಿ ಕಳಿಸಲಿಲ್ಲ. ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಗನಿಗೆ ದೀಕ್ಷೆ ಕೊಡಬಾರದು ಎಂದು ಸಂಘಕ್ಕೆ ನಿಯಮವನ್ನೇ ಮಾಡಿದರು. ಮುತ್ಯಾ ನೋವು ಬಾಯಿಬಿಟ್ಟು ಹೇಳಿದ್ದಕ್ಕೆ ಸಂಘದ ನಿಯಮಗಳಾದ ವಿನಯದಲ್ಲಿ ಒಂದು ಸಾಲು ಹೆಚ್ಚಾಯಿತು. ನೀವೂ ಹೇಳಿ. ಮಗ ಫೋನ್ ಮಾಡಿದರೆ "ಎಲ್ಲಾ ಆರಾಮ ಅದ" ಎನ್ನುವುದೂ ನಾಲ್ಕನೆಯ ಶೀಲದ ಬಾಬತ್ತೇ.

ಮೊಮ್ಮಗು ಕೇಳಿದರೆ ಇದ್ದದ್ದು ಹೇಳಿ. ಪುಣೆಗೆ ಹೋಗ್ಯಾಳ, ದುಡಿಯಾಕ ಹೋಗ್ಯಾಳ, ಯುಗಾದಿಗಿ ಬರ್ತಾಳ. ಯಾವಾಗ ಬರುತ್ತಾಳೆ ಎಂದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಗೊತ್ತಾದ ಕೂಡಲೇ ಹೇಳುತ್ತೇನೆ ಎನ್ನಿ. ನಮ್ಮ ಕೇರಿಯಲ್ಲಿ ಒಬ್ಬ ಆಯಿ ಒಂದು ಡಬ್ಬಿಯಲ್ಲಿ ಹುಣಸೆ ಬೀಜ ಎಣಿಸಿ ಹಾಕಿಟ್ಟಿದ್ದಾಳೆ. ದಿನಾ ರಾತ್ರಿ ಮೊಮ್ಮಗಳು ಒಂದು ತೆಗೆದು ಹೊರಗೆಸೆಯುತ್ತಾಳೆ. ಡಬ್ಬಿ ಖಾಲಿಯಾಗುವ ದಿನ ಅವ್ವ. ಯಾವ ಕಾಲೇಜಿನಲ್ಲಿ ಕಲಿತಳೋ ಆ ಮುದುಕಿ!

ಮಾಘದ ಈ ಹುಣ್ಣಿಮೆಯಲ್ಲೇ, ಯಾರೂ ಕರೆಯದೆ, 1250 ಭಿಕ್ಷುಗಳು ತಾವಾಗಿಯೇ ಭಗವಾನರ ಹತ್ತಿರ ಬಂದು ಸೇರಿದರಂತೆ. ನಾವು ಅಷ್ಟು ಜನ ಇಲ್ಲ, ಬೇಕಾಗಿಯೂ ಇಲ್ಲ. ಬಾಗಿಲಿಗೆ ಬೀಗ ಬಿದ್ದ ಮನೆಯ ಮಕ್ಕಳು ಎಲ್ಲಿ ಮಲಗುತ್ತಾರೆ ಎಂದು ಕರೆಯದೆ ಹೋಗಿ ನೋಡಿ ಬರುವ ಏಳೆಂಟು ಜನ ಸಾಕು. ತಾಂಡಾದ ಮಕ್ಕಳನ್ನೂ ಸೇರಿಸಿ. ರವಿವಾರ ಸಂಜೆ ವಿಹಾರದಲ್ಲಿ ವಿಡಿಯೋ ಕಾಲ್ ಇರುವ ಎರಡು ಫೋನ್ ಇಡುತ್ತೇವೆ, ಕರೆನ್ಸಿ ನಮ್ಮದು. ಮಾತಾಡುವಾಗ ದೊಡ್ಡವರು ಮಗ್ಗಲಲ್ಲಿ ನಿಂತು "ಚೆಂದಾಗಿ ಮಾತಾಡು" ಎಂದು ತಿವಿಯಬಾರದು, ಅಷ್ಟೇ ಷರತ್ತು.

ಬರುವ ಸೋಮವಾರ ಪುಣೆಗೆ ಹೊರಡುವ ನಾಲ್ಕು ಮನೆಯವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಬಸ್ಸು ನಸುಕಿನ ನಾಲ್ಕೂವರೆಗೆ. ಮಕ್ಕಳಿಗೆ ಇವತ್ತೇ ಹೇಳಿ. ಸೋಮವಾರ ಅವರನ್ನು ಎಬ್ಬಿಸಿ, ಮುಖ ತೊಳೆಸಿ, ಸ್ವೆಟರ್ ಹಾಕಿ, ಬಸ್‌ಸ್ಟ್ಯಾಂಡಿಗೆ ಕರೆತನ್ನಿ. ಗಂಟಿನಲ್ಲಿ ಒಂದನ್ನು ಅವರೇ ಹೊರಲಿ. ನಾನು ಚಹಾದ ಕಿಟ್ಲಿ ತಗೊಂಡು ಬಂದಿರುತ್ತೇನೆ, ಹುಡುಗರಿಗೆ ಹಾಲು ಬೇರೆ. ಅಳುತ್ತಾವ. ಅಳಲಿ. ಬಸ್ಸು ಹೋದ ಮ್ಯಾಲ ಅವರನ್ನ ಮನಿಗಿ ಕರ್ಕೊಂಡು ಹೋಗಾಕ ನಾವು ಇರ್ತೀವಿ.